ಒರಿಜಿನಲ್ ಜಾಗದಲ್ಲಿ ಪ್ರಾಕ್ಸಿ ಕೂತಿರೋ ಪ್ರಾಜೆಕ್ಟ್: ಬಿಡಿಸೋದು ಹೇಗೆ?

ಕತ್ತರಿಕಮಲಿ

ಬೇರೊಬ್ಬ ಎಡಿಟರ್ ಅರ್ಧಕ್ಕೆ ಬಿಟ್ಟ ಡಾಕ್ಯುಮೆಂಟರಿ ಒಂದು ನನ್ನ ಕೈಗೆ ಬಂದಿದೆ. ಪ್ರೀಮಿಯರ್ ಪ್ರೊ (ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್) ಪ್ರಾಜೆಕ್ಟ್. ಫುಟೇಜ್ ಯುಎಚ್‌ಡಿ (3840 x 2160), ಸೆಕೆಂಡಿಗೆ 25 ಫ್ರೇಮ್. ಎ ಕ್ಯಾಮೆರಾ ಎಂಎಕ್ಸ್‌ಎಫ್, ಬಿ ಕ್ಯಾಮೆರಾ ಎಂಪಿ4, ನಡುನಡುವೆ ಮೊಬೈಲಲ್ಲಿ ತೆಗೆದ ಶಾಟ್‌ಗಳು. ಒರಿಜಿನಲ್ ಅಷ್ಟೂ ವಿಂಡೋಸ್ ಡೆಸ್ಕ್‌ಟಾಪ್‌ಗೆ ಹಾಕಿರೋ ರೇಯ್ಡ್‌ನಲ್ಲಿದೆ (ಹಲವು ಡಿಸ್ಕ್ ಒಟ್ಟು ಸೇರಿಸಿದ ಸ್ಟೋರೇಜ್). 1080ರ ಪ್ರೋರೆಸ್ ಪ್ರಾಕ್ಸಿಗಳು (ಕಟ್ ಮಾಡೋಕೆ ಹಗುರವಾಗಿರಲಿ ಅಂತ ಮಾಡಿದ ಸಣ್ಣ ನಕಲುಗಳು) ಒಂದು ಸಣ್ಣ ಎಸ್‌ಎಸ್‌ಡಿಯಲ್ಲಿವೆ, ಅದು ಮ್ಯಾಕ್ ಲ್ಯಾಪ್‌ಟಾಪ್ ಜೊತೆ ಓಡಾಡುತ್ತೆ. ಕಟ್ ಲ್ಯಾಪ್‌ಟಾಪ್‌ನಲ್ಲಿ, ಫಿನಿಶಿಂಗ್ ಡೆಸ್ಕ್‌ಟಾಪ್‌ನಲ್ಲಿ, ಕಲರ್ ಕರೆಕ್ಷನ್ ಇನ್ನೊಬ್ಬರ ಲಿನಕ್ಸ್ ಮೆಷಿನ್‌ನಲ್ಲಿ ರಿಸಾಲ್ವ್ (ಕಲರ್ ಮಾಡೋ ಸಾಫ್ಟ್‌ವೇರ್) ಮೇಲೆ ಅಂತ ಮೊದಲೇ ಮಾತಾಗಿದೆ.

ತೊಂದರೆ ಏನಂದರೆ, ಡೆಸ್ಕ್‌ಟಾಪ್‌ನಲ್ಲಿ ಪ್ರಾಜೆಕ್ಟ್ ತೆರೆದರೆ ಎಲ್ಲ ಸರಿ ಇರೋ ಹಾಗೇ ಕಾಣುತ್ತೆ. ಒಂದು ಕ್ಲಿಪ್ಪೂ ಆಫ್‌ಲೈನ್ ಇಲ್ಲ. ಆದರೆ ಯಾವ ಕ್ಲಿಪ್‌ನ ಪ್ರಾಪರ್ಟೀಸ್ ನೋಡಿದರೂ 1920 x 1080 ಅಂತಿದೆ, ಪಾತ್ ಹೋಗಿ ನಿಲ್ಲೋದು ಪ್ರಾಕ್ಸಿ ಫೋಲ್ಡರ್‌ಗೆ. ಪ್ರಾಕ್ಸಿಗೂ ಒರಿಜಿನಲ್‌ಗೂ ನಡುವೆ ಬದಲಿಸೋ ಟಾಗಲ್ ಪ್ರಾಕ್ಸೀಸ್ ಬಟನ್ ಒತ್ತಿದರೆ ಏನೂ ಆಗಲ್ಲ. ಸೀಕ್ವೆನ್ಸ್ (ಕಟ್ ಜೋಡಿಸೋ ಟೈಮ್‌ಲೈನ್) ಯುಎಚ್‌ಡಿ. ಕೆಲವು ಶಾಟ್‌ಗಳ ಸ್ಕೇಲ್ 100, ಅವು ಪರದೆ ನಡುವೆ ಸಣ್ಣದಾಗಿ ಕೂತಿವೆ. ಇನ್ನು ಕೆಲವಕ್ಕೆ ಸ್ಕೇಲ್ 200 ಕೊಟ್ಟಿದ್ದಾರೆ, ಅವು ಪರದೆ ತುಂಬಿವೆ.

ಒಂದು ಎ ಕ್ಯಾಮೆರಾ ಕ್ಲಿಪ್ ಹೊಸದಾಗಿ ಇಂಪೋರ್ಟ್ ಮಾಡಿ ಅದಕ್ಕೆ ಪ್ರಾಕ್ಸಿ ಅಟ್ಯಾಚ್ ಮಾಡೋಕೆ ಹೋದರೆ ಆಡಿಯೊ ಚಾನೆಲ್ ಹೊಂದ್ತಿಲ್ಲ ಅಂತ ಎರರ್. ಮೊಬೈಲ್ ಶಾಟ್‌ಗಳಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ಹಳೆಯ ಎಡಿಟರ್ ಫೋನ್‌ಗೆ ಸಿಗ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹನಿಹನಿ

ಎಲ್ಲ ಕ್ಲಿಪ್ ಸೆಲೆಕ್ಟ್ ಮಾಡಿ ಮೇಕ್ ಆಫ್‌ಲೈನ್ ಕೊಟ್ಟು, ಆಮೇಲೆ ಲಿಂಕ್ ಮೀಡಿಯಾದಲ್ಲಿ ರೇಯ್ಡ್ ಫೋಲ್ಡರ್ ತೋರಿಸಿ. ಐದು ನಿಮಿಷದ ಕೆಲಸ.

ಡಿಐಟಿ07

ಹನಿಹನಿ ಅವರೇ, ಅದು ಐದು ನಿಮಿಷಕ್ಕೆ ಮುಗಿಯಲ್ಲ. ಪ್ರಾಜೆಕ್ಟ್ ಈಗ ನೆನಪಿಟ್ಟುಕೊಂಡಿರೋ ಹೆಸರು ‘ಎ001ಸಿ003_ಪ್ರಾಕ್ಸಿ’, ಎಂಒವಿ ಫೈಲು. ರೇಯ್ಡ್‌ನಲ್ಲಿರೋದು ‘ಎ001ಸಿ003’, ಎಂಎಕ್ಸ್‌ಎಫ್. ಹೆಸರೂ ಬೇರೆ, ಎಕ್ಸ್‌ಟೆನ್ಷನ್ನೂ ಬೇರೆ. ತಾನಾಗಿ ಹುಡುಕೋದಿಲ್ಲ, ಒಂದೊಂದೇ ಕೈಯಲ್ಲಿ ತೋರಿಸ್ತಾ ಕೂರಬೇಕು. ಕೈಯಲ್ಲಿ ತೋರಿಸೋವಾಗಲೇ ಅಲ್ಲವೇ ಇಂಥ ಎಡವಟ್ಟುಗಳು ಹುಟ್ಟೋದು.

ಕಮಲಿ ಅವರೇ, ಮೊದಲು ಇದು ಹೇಗೆ ಆಗಿರಬಹುದು ಅಂತ ಹೇಳ್ತೀನಿ, ಯಾಕಂದರೆ ಸರಿಮಾಡಿದ ಮೇಲೂ ನಿಮ್ಮ ಲ್ಯಾಪ್‌ಟಾಪ್ ಇದನ್ನೇ ಮತ್ತೆ ಕೇಳುತ್ತೆ. ಒರಿಜಿನಲ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ತೆರೆದಾಗ ಪ್ರೀಮಿಯರ್ ಒಂದು ಕಿಟಕಿ ತೆರೆದು ‘ಈ ಫೈಲುಗಳು ಎಲ್ಲಿ?’ ಅಂತ ಕೇಳುತ್ತೆ. ಅದು ಕೇಳ್ತಿರೋದು ಒರಿಜಿನಲ್ ಎಲ್ಲಿ ಅಂತ. ಅವಸರದಲ್ಲಿರೋ ಯಾರೇ ಆದರೂ ಕೈಗೆ ಸಿಕ್ಕ ಪ್ರಾಕ್ಸಿ ಫೋಲ್ಡರ್ ತೋರಿಸಿಬಿಡ್ತಾರೆ. ಅಲ್ಲಿಗೆ ಒರಿಜಿನಲ್‌ನ ಜಾಗದಲ್ಲೇ ಪ್ರಾಕ್ಸಿ ಕೂತಂಗಾಯ್ತು. ಪ್ರೀಮಿಯರ್ ಪಾಲಿಗೆ ಇನ್ನು ಅದೇ ಒರಿಜಿನಲ್. ಟಾಗಲ್ ಬಟನ್ ಸುಮ್ಮನಿರೋದೂ ಅದಕ್ಕೇ, ಬದಲಿಸೋಕೆ ಇನ್ನೊಂದು ಫೈಲೇ ಇಲ್ಲ.

ಅಲ್ಲಿ ಒತ್ತಬೇಕಾದ ಬಟನ್ ‘ಆಫ್‌ಲೈನ್ ಆಲ್’. ಹೆಸರು ನೋಡಿ ಜನ ಹೆದರ್ತಾರೆ. ಪ್ರಾಕ್ಸಿ ಮೊದಲೇ ಅಟ್ಯಾಚ್ ಆಗಿದ್ದು, ಆ ಎಸ್‌ಎಸ್‌ಡಿ ಸಿಕ್ಕಿಸಿದ್ದು, ಟಾಗಲ್ ಆನ್ ಇದ್ದರೆ ಒರಿಜಿನಲ್ ಆಫ್‌ಲೈನ್ ಆಗಿದ್ದರೂ ಪ್ರಾಕ್ಸಿ ಆಡ್ತಾ ಇರುತ್ತೆ. ಡೆಸ್ಕ್‌ಟಾಪ್‌ಗೆ ವಾಪಸ್ ಬಂದರೆ ಒರಿಜಿನಲ್ ಹಳೆಯ ಪಾತ್‌ನಲ್ಲೇ ಸಿಗುತ್ತೆ, ಯಾರೂ ಯಾರನ್ನೂ ಹುಡುಕೋ ಹಾಗಿಲ್ಲ. ನನ್ನ ಪಟ್ಟು ಒಂದೇ: ಒರಿಜಿನಲ್ ಯಾವ ಕಂಪ್ಯೂಟರಿನಲ್ಲಿದೆಯೋ ಅಲ್ಲೇ ಕೂತು ಪ್ರಾಕ್ಸಿ ಅಟ್ಯಾಚ್ ಮಾಡಬೇಕು. ಓಡಾಡೋ ಮೆಷಿನ್‌ನಲ್ಲಿ ಲಿಂಕ್ ಮೀಡಿಯಾ ಕಿಟಕಿಗೆ ಯಾವ ಉತ್ತರವನ್ನೂ ಕೊಡಬಾರದು.

ಈಗ ಬಿಡಿಸೋ ದಾರಿ. ಪ್ರಾಜೆಕ್ಟ್ ಫೈಲಿನ ಒಂದು ಕಾಪಿ ಮಾಡಿ ಅದರ ಮೇಲೆ ಕೆಲಸ ಮಾಡಿ, ಮೂಲವನ್ನು ಮುಟ್ಟಬೇಡಿ. ಪ್ರಾಜೆಕ್ಟ್ ಪಕ್ಕದಲ್ಲಿರೋ ಆಟೋ ಸೇವ್ ಫೋಲ್ಡರ್ ಹೊಕ್ಕು ನೋಡಿ. ಲಿಂಕ್ ಕೆಡೋ ಮುಂಚಿನ ಆವೃತ್ತಿ ಒಂದಾದರೂ ಉಳಿದಿದ್ದರೆ ನಿಮ್ಮ ಅದೃಷ್ಟ. ಸ್ಕೇಲ್ ಗೋಜಲಿಗೆ ಅದು ಬೇಕೇ ಬೇಕಾಗುತ್ತೆ. ಆಮೇಲೆ ಡೆಸ್ಕ್‌ಟಾಪ್‌ನಲ್ಲಿ, ಎಸ್‌ಎಸ್‌ಡಿಯೂ ರೇಯ್ಡೂ ಎರಡೂ ಇರುವಾಗ, ಬಿನ್‌ನಲ್ಲಿ (ಪ್ರಾಜೆಕ್ಟ್ ಒಳಗೆ ಕ್ಲಿಪ್ ಇಡೋ ಜಾಗ) ಒಂದೇ ಒಂದು ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಕ್ಸಿ ಮೆನುವಿನಲ್ಲಿ ‘ರೀಕನೆಕ್ಟ್ ಫುಲ್ ರೆಸಲ್ಯೂಶನ್ ಮೀಡಿಯಾ’ ಆರಿಸಿ. ಇಂಥ ಸಂದರ್ಭಕ್ಕೇ ಇರೋ ಆಯ್ಕೆ ಅದು. ರೇಯ್ಡ್‌ನಲ್ಲಿರೋ ಎಂಎಕ್ಸ್‌ಎಫ್ ತೋರಿಸಿ. ಪ್ರಾಪರ್ಟೀಸ್‌ನಲ್ಲಿ 3840 x 2160 ಬಂತಾ, ಟಾಗಲ್ ಒತ್ತಿದರೆ ಬದಲಾಗುತ್ತಾ ನೋಡಿ. ಸರಿ ಇದ್ದರೆ ಮಾತ್ರ ಬಿನ್ ಬಿನ್ನಾಗಿ ಮುಂದುವರಿಸಿ.

ಕತ್ತರಿಕಮಲಿ

ಆಟೋ ಸೇವ್ ಇದೆ ಸರ್, ಹಳೆಯ ಫೈಲುಗಳೂ ಇವೆ. ಸ್ಕೇಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀರಾ? 200 ಇರೋ ಎಲ್ಲದಕ್ಕೂ 100 ಮಾಡಿದರೆ ಮುಗೀತಲ್ಲ?

ಡಿಐಟಿ07

ಮುಗಿಯಲ್ಲ. ಪ್ರೀಮಿಯರ್‌ನಲ್ಲಿ ಸ್ಕೇಲ್ ಅನ್ನೋದು ಫೈಲಿನ ಪಿಕ್ಸೆಲ್ ಲೆಕ್ಕ. ಯುಎಚ್‌ಡಿ ಸೀಕ್ವೆನ್ಸ್‌ನಲ್ಲಿ ಯುಎಚ್‌ಡಿ ಫೈಲು 100ರಲ್ಲಿ ಪೂರ್ತಿ ತುಂಬುತ್ತೆ. ಅದೇ ಜಾಗಕ್ಕೆ 1080 ಫೈಲು ಬಂದರೆ 100ರಲ್ಲಿ ಕಾಲು ಭಾಗ ಮಾತ್ರ ತುಂಬುತ್ತೆ. ಸರಿಯಾಗಿ ಅಟ್ಯಾಚ್ ಆದ ಪ್ರಾಕ್ಸಿಗೆ ಈ ಗೋಳಿಲ್ಲ, ಅಲ್ಲಿ ಪ್ರೀಮಿಯರ್ ತಾನೇ ಲೆಕ್ಕ ಸರಿದೂಗಿಸಿ ತೋರಿಸುತ್ತೆ. ಇಲ್ಲಿ ಫೈಲೇ ಅದಲು ಬದಲಾಗಿರೋದ್ರಿಂದ ಆ ಎಡಿಟರ್‌ಗೆ ಚಿತ್ರ ಸಣ್ಣದಾಗಿ ಕಂಡಿದೆ, ಆತ 200 ಕೊಟ್ಟು ತುಂಬಿಸಿದ್ದಾನೆ.

ಕಷ್ಟ ಇರೋದು ಬೇಕಂತಲೇ ಝೂಮ್ ಮಾಡಿದ ಶಾಟ್‌ಗಳಲ್ಲಿ. ಲಿಂಕ್ ಕೆಡೋ ಮೊದಲು 120 ಕೊಟ್ಟು ಹತ್ತಿರ ತಂದಿದ್ದ ಶಾಟ್ ಒಂದಿದ್ದರೆ ಅದಕ್ಕೆ ಆಮೇಲೆ 240 ಕೊಟ್ಟಿರಬಹುದು, ಇಲ್ಲಾ ಮರೆತು 120ರಲ್ಲೇ ಬಿಟ್ಟಿರಬಹುದು. ಕಣ್ಣಂದಾಜಲ್ಲಿ ಗೊತ್ತಾಗಲ್ಲ. ರಿಮೂವ್ ಆಟ್ರಿಬ್ಯೂಟ್ಸ್ ಕೊಟ್ಟು ಎಲ್ಲ ಮೋಷನ್ ಅಳಿಸಿಬಿಟ್ಟರೆ ನಿಜವಾದ ಝೂಮ್‌ಗಳೂ ಹೋಗ್ತವೆ. ಹಳೆಯ ಆಟೋ ಸೇವ್‌ನ ಸೀಕ್ವೆನ್ಸನ್ನು ಈ ಪ್ರಾಜೆಕ್ಟ್‌ಗೆ ಇಂಪೋರ್ಟ್ ಮಾಡಿ ಪಕ್ಕಪಕ್ಕ ಇಟ್ಕೊಳ್ಳಿ. ಎರಡರಲ್ಲೂ ಇರೋ ಶಾಟ್‌ಗಳಿಗೆ ಹಳೆಯದರಿಂದ ಮೋಷನ್ ಕಾಪಿ ಮಾಡಿ ಪೇಸ್ಟ್ ಆಟ್ರಿಬ್ಯೂಟ್ಸ್ ಕೊಡಿ. ಕೆಟ್ಟ ಮೇಲೆ ಹೊಸದಾಗಿ ಸೇರಿಸಿದ ಶಾಟ್‌ಗಳಿಗೆ ಮಾತ್ರ ಸ್ಕೇಲ್ ಅರ್ಧಕ್ಕೆ ಇಳಿಸಿದರೆ ಸಾಕು. ಕೀಫ್ರೇಮ್ (ಶಾಟ್ ನಡುವೆ ಸ್ಕೇಲ್ ಬದಲಾಗೋ ಗುರುತು) ಇದ್ದರೆ ಪ್ರತಿಯೊಂದನ್ನೂ ನೋಡಬೇಕು, ಬೇರೆ ದಾರಿ ಇಲ್ಲ.

ರಾತ್ರಿರೆಂಡರ್

ಪ್ರೀಮಿಯರ್ ಪ್ರಾಜೆಕ್ಟ್ ಫೈಲು ಅಂದರೆ ಜಿಜಿಪ್ ಮಾಡಿದ (ಕುಗ್ಗಿಸಿದ) ಎಕ್ಸ್‌ಎಂಎಲ್ ಟೆಕ್ಸ್ಟ್. ಬಿಚ್ಚಿ, ಟೆಕ್ಸ್ಟ್ ಎಡಿಟರ್‌ನಲ್ಲಿ ‘_ಪ್ರಾಕ್ಸಿ’ ಬಾಲ ಕತ್ತರಿಸಿ ಎಕ್ಸ್‌ಟೆನ್ಷನ್ ಬದಲಿಸಿದರೆ ಎಲ್ಲ ಕ್ಲಿಪ್ಪೂ ಒಂದೇ ಏಟಿಗೆ ಒರಿಜಿನಲ್ ಹುಡುಕುತ್ತೆ.

ಡಿಐಟಿ07

ಗೊತ್ತು. ಆದರೆ ಆ ಎಕ್ಸ್‌ಎಂಎಲ್‌ನಲ್ಲಿ ಪಾತ್ ಅಲ್ಲದೆ ಫೈಲಿನ ಬೇರೆ ವಿವರಗಳೂ ಕೂತಿರ್ತವೆ. ಹೆಸರು ಬದಲಾಯ್ತು, ವಿವರ ಹಳೆಯದೇ ಉಳಿಯಿತು ಅಂದರೆ ಯಾವಾಗ ಎಲ್ಲಿ ಕೈ ಕೊಡುತ್ತೆ ಹೇಳೋಕಾಗಲ್ಲ. ಮೆನುವಿನಲ್ಲಿ ದಾರಿ ಇರುವಾಗ ಹಿತ್ತಲ ಬಾಗಿಲು ಯಾಕೆ? ಕಾಪಿ ಮೇಲೆ ಆಟ ಆಡೋದಾದರೆ ಆಡಿ.

ಕಿವಿಗೊಟ್ಟವ

ಆಡಿಯೊ ಎರರ್ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳ್ತೀನಿ. ಪ್ರಾಕ್ಸಿ ಅಟ್ಯಾಚ್ ಆಗಬೇಕಾದರೆ ಪ್ರೀಮಿಯರ್‌ಗೆ ಆಡಿಯೊ ಚಾನೆಲ್‌ಗಳ ಲೆಕ್ಕ ಎರಡು ಫೈಲಲ್ಲೂ ಒಂದೇ ಇರಬೇಕು. ಚಿತ್ರ ಚಿಕ್ಕದಾದರೆ ಒಪ್ಪುತ್ತೆ, ಸದ್ದು ಕಮ್ಮಿಯಾದರೆ ಒಪ್ಪಲ್ಲ. ಎಂಎಕ್ಸ್‌ಎಫ್ ಕೊಡೋ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕು ಚಾನೆಲ್ ಬರೀತಾವೆ, ಪ್ರತಿಯೊಂದೂ ಬೇರೆ ಬೇರೆ ಮೋನೋ ಸ್ಟ್ರೀಮ್ ಆಗಿ. ನಿಮ್ಮ ಪ್ರಾಕ್ಸಿ ಯಾವುದರಲ್ಲಿ ಮಾಡಿದ್ದಾರೆ? ಎಫ್‌ಎಫ್‌ಎಂಪೆಗ್ (ವಿಡಿಯೊ ಫೈಲು ಬದಲಿಸೋ ಟೂಲ್) ಆಗಿದ್ದರೆ ಕಾರಣ ಸಿಕ್ಕಂಗಾಯ್ತು. ಏನೂ ಹೇಳದಿದ್ದರೆ ಅದು ಒಂದು ವಿಡಿಯೊ ಸ್ಟ್ರೀಮ್, ಒಂದು ಆಡಿಯೊ ಸ್ಟ್ರೀಮ್ ಮಾತ್ರ ಎತ್ಕೊಳ್ಳುತ್ತೆ. ಉಳಿದ ಮೂರನ್ನು ಅಲ್ಲೇ ಬಿಡುತ್ತೆ, ಎರರ್ ಕೂಡ ಕೊಡಲ್ಲ. ‘ಮ್ಯಾಪ್’ ಆಯ್ಕೆಯಲ್ಲಿ ಎಲ್ಲ ಆಡಿಯೊ ಸ್ಟ್ರೀಮ್ ಬೇಕು ಅಂತ ಬಾಯಿಬಿಟ್ಟು ಹೇಳಬೇಕು.

ನೋಡೋದು ಸುಲಭ. ಮೀಡಿಯಾಇನ್ಫೋ ಅಥವಾ ಎಫ್‌ಎಫ್‌ಪ್ರೋಬ್‌ನಲ್ಲಿ ಒಂದು ಒರಿಜಿನಲ್, ಅದರ ಪ್ರಾಕ್ಸಿ ಎರಡನ್ನೂ ತೆರೆದು ಆಡಿಯೊ ಸಾಲುಗಳನ್ನು ಎಣಿಸಿ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು ಬಂದರೆ ಆ ಪ್ರಾಕ್ಸಿ ಹೊಸದಾಗಿ ಮಾಡೋದೇ. ಅದೇ ಪರದೆಯಲ್ಲಿ ಟೈಮ್‌ಕೋಡೂ (ಪ್ರತಿ ಫ್ರೇಮ್‌ಗೆ ಅಂಟಿರೋ ಸಮಯದ ಅಂಕಿ) ನೋಡ್ಕೊಳ್ಳಿ. ಒರಿಜಿನಲ್‌ನಲ್ಲಿ 10:42:15:08 ಅಂತ ಶುರುವಾಗಿ ಪ್ರಾಕ್ಸಿಯಲ್ಲಿ ಸೊನ್ನೆಯಿಂದ ಶುರುವಾದರೆ ಮುಂದೆ ಎಲ್ಲೋ ಒಂದು ಕಡೆ ರೀಲಿಂಕ್ ಒದ್ದಾಡುತ್ತೆ.

ಹನಿಹನಿ

ಒಂದು ಪ್ರಶ್ನೆ, ಬೈಬೇಡಿ. ಈಗಿನ ಲ್ಯಾಪ್‌ಟಾಪ್‌ಗಳು 4ಕೆ ಆರಾಮಾಗಿ ಓಡಿಸ್ತವೆ. ಇಷ್ಟೆಲ್ಲ ತಲೆನೋವಿಗೆ ಪ್ರಾಕ್ಸಿ ಯಾಕೆ ಬೇಕು?

ಗೂಬೆಕಣ್ಣು

ಬೈಯಲ್ಲ, ನ್ಯಾಯವಾದ ಪ್ರಶ್ನೆ. ಒಂದೇ ಕಂಪ್ಯೂಟರ್, ಒಬ್ಬರೇ ಎಡಿಟರ್, ಹಾರ್ಡ್‌ವೇರ್ ಡಿಕೋಡ್ ಸಿಗೋ ಕೋಡೆಕ್ (ವಿಡಿಯೊ ಕುಗ್ಗಿಸಿಡೋ ವಿಧಾನ) ಅಂದರೆ ಪ್ರಾಕ್ಸಿ ಬೇಡ, ನಾನೂ ಮಾಡಲ್ಲ. ಆದರೆ ಎಚ್265, 10 ಬಿಟ್, 4:2:2 ಅಂತಾದರೆ ಎಲ್ಲ ಗ್ರಾಫಿಕ್ಸ್ ಕಾರ್ಡೂ ಅದನ್ನು ಡಿಕೋಡ್ ಮಾಡಲ್ಲ. ಮೇಲಾಗಿ ಲಾಂಗ್ ಗಾಪ್ ಫೈಲಿನಲ್ಲಿ ಪ್ರತಿ ಫ್ರೇಮೂ ಪೂರ್ತಿಯಾಗಿ ಇರಲ್ಲ, ಅಕ್ಕಪಕ್ಕದ ಫ್ರೇಮ್ ನೋಡಿ ಕಟ್ಟಬೇಕು. ಮುಂದಕ್ಕೆ ಪ್ಲೇ ಆಗೋವಾಗ ಗೊತ್ತಾಗಲ್ಲ; ಹಿಂದಕ್ಕೆ ಎಳೀರಿ, ಮೂರು ಲೇಯರ್ ಮಲ್ಟಿಕ್ಯಾಮ್ ಹಾಕಿ, ಆಗ ಗೊತ್ತಾಗುತ್ತೆ. ಪ್ರೋರೆಸ್ ಪ್ರಾಕ್ಸಿ, ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಇವೆಲ್ಲ ಪ್ರತಿ ಫ್ರೇಮ್ ಸ್ವತಂತ್ರವಾಗಿರೋ ಕೋಡೆಕ್‌ಗಳು, ಎಳೆದಂಗೆ ಬರ್ತವೆ.

ಇನ್ನೊಂದು ಗಾತ್ರದ ಮಾತು. 25 ಫ್ರೇಮ್‌ನಲ್ಲಿ 1080 ಪ್ರೋರೆಸ್ ಪ್ರಾಕ್ಸಿಗೆ ಸೆಕೆಂಡಿಗೆ 38 ಮೆಗಾಬಿಟ್, ಅಂದರೆ ಗಂಟೆಗೆ ಸುಮಾರು 17 ಜಿಬಿ. ಅದೇ ಯುಎಚ್‌ಡಿ ಪ್ರೋರೆಸ್ 422 ಎಚ್‌ಕ್ಯೂ 737 ಮೆಗಾಬಿಟ್, ಗಂಟೆಗೆ 330 ಜಿಬಿ ದಾಟುತ್ತೆ. ಸೆಕೆಂಡಿಗೆ 92 ಮೆಗಾಬೈಟ್ ಆಯ್ತು. ಗಿಗಾಬಿಟ್ ನೆಟ್‌ವರ್ಕ್‌ನ ಮಿತಿಯೇ 125. ಒಂದು ಸ್ಟ್ರೀಮ್ ಓಡುತ್ತೆ, ಎರಡನೆಯದು ಹಾಕಿದರೆ ತಂತಿ ತುಂಬಿಹೋಗುತ್ತೆ. ಪ್ರೊಸೆಸರ್ ಎಷ್ಟೇ ಜೋರಿದ್ದರೂ ತಂತಿ ದೊಡ್ಡದಾಗಲ್ಲವಲ್ಲ.

ಹಾರ್ಡ್‌ಡಿಸ್ಕ್_ಹನುಮ

ಅಕ್ಕಾವ್ರ, ಲಿಂಕ್ ಸರಿ ಮಾಡೂಕಿಂತ ಮೊದಲ ಪಾತ್ ಗಟ್ಟಿ ಮಾಡ್ಕೋರಿ, ಇಲ್ಲಾಂದ್ರ ನಾಳೆ ಮತ್ತ ಇದ ಹಾಡು. ವಿಂಡೋಸ್‌ನ್ಯಾಗ ಎಸ್‌ಎಸ್‌ಡಿ ಇವತ್ತು ಇ ಡ್ರೈವ್ ಅಂತ ಬರತೈತಿ, ನಾಳೆ ಪೆನ್‌ಡ್ರೈವ್ ಮೊದಲ ಹಾಕಿದ್ರ ಎಫ್ ಆಗತೈತಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗ ಹೋಗಿ ಕೊನೀ ಕಡೆ ಅಕ್ಷರ ಯಾವುದರೆ ಒಂದು ಕೊಟ್ಟುಬಿಡ್ರಿ, ಪಿ ಅಂತನೋ ಏನೋ. ಆಮ್ಯಾಲೆ ಅದು ಆ ಮೆಷಿನ್‌ಗೆ ಯಾವಾಗ ಹಚ್ಚಿದ್ರೂ ಪಿ ಆಗೇ ಬರತೈತಿ.

ಮ್ಯಾಕ್‌ನ್ಯಾಗ ಅಕ್ಷರ ಇಲ್ಲ, ಡ್ರೈವಿನ ಹೆಸರ ಪಾತು. ಒಂದ ಹೆಸರಿನ ಎರಡು ಡಿಸ್ಕ್ ಹಚ್ಚಿದ್ರ ಎರಡನೇದಕ್ಕ ಹಿಂದ ‘1’ ಅಂತ ಸೇರಸ್ತೈತಿ, ಪಾತ್ ಕೆಡ್ತು. ಬ್ಯಾಕಪ್ ಡಿಸ್ಕ್‌ಗೆ ಅದ ಹೆಸರು ಇಡೋ ಮಂದಿ ಭಾಳ ಅದಾರ. ಇಡಬ್ಯಾಡ್ರಿ.

ಡಿಸ್ಕ್ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಇರಬೇಕು ಎರಡೂ ಕಡೆ ಬರೀಬೇಕಂದ್ರ. ಎನ್‌ಟಿಎಫ್‌ಎಸ್ ಇದ್ರ ಮ್ಯಾಕ್ ಬರೇ ಓದತೈತಿ, ಬರಿಯೂದಿಲ್ಲ. ಎಪಿಎಫ್‌ಎಸ್ ಇದ್ರ ವಿಂಡೋಸ್‌ಗೆ ಕಾಣೂದ ಇಲ್ಲ. ಆದ್ರ ಎಕ್ಸ್‌ಫ್ಯಾಟ್‌ಗೆ ಜರ್ನಲ್ (ಏನು ಬರದೈತಿ ಅನ್ನೂ ದಾಖಲೆ) ಇಲ್ಲ ನೋಡ್ರಿ, ಇಜೆಕ್ಟ್ ಮಾಡ್ದ ಕಿತ್ತರ ಫೋಲ್ಡರ್‌ಗೆ ಫೋಲ್ಡರ್ ಹೋಗಬಹುದು. ಪ್ರಾಕ್ಸಿಗೆ ನಡೀತೈತಿ, ಹೋದ್ರ ಮತ್ತ ಮಾಡ್ಕೋಬಹುದು. ಒರಿಜಿನಲ್ ಒಂದ ಕಾಪಿ ಅಂಥಾದ್ರಾಗ ಇಟ್ಟು ಮಲಗಬ್ಯಾಡ್ರಿ.

ಕತ್ತರಿಕಮಲಿ

ಹನುಮಣ್ಣ, ಎಸ್‌ಎಸ್‌ಡಿ ಎಕ್ಸ್‌ಫ್ಯಾಟೇ ಇದೆ. ಆದರೆ ವಿಂಡೋಸ್‌ನಲ್ಲಿ ತೆರೆದರೆ ಪ್ರತಿ ಪ್ರಾಕ್ಸಿಗೂ ಒಂದು ಜೋಡಿ ಫೈಲು ಕಾಣುತ್ತೆ. ಹೆಸರಿನ ಮುಂದೆ ಚುಕ್ಕಿ, ಅಂಡರ್‌ಸ್ಕೋರ್, ಗಾತ್ರ 4 ಕೆಬಿ. ಅವನ್ನು ಇಂಪೋರ್ಟ್ ಮಾಡಿದರೆ ಎರರ್. ಡಿಸ್ಕ್ ಕೆಟ್ಟಿದೆಯಾ?

ಹಾರ್ಡ್‌ಡಿಸ್ಕ್_ಹನುಮ

ಕೆಟ್ಟಿಲ್ಲ ಬಿಡ್ರಿ. ಅವು ಮ್ಯಾಕ್ ಬಿಟ್ಟು ಹೋಗೂ ಫೈಲು. ಎಕ್ಸ್‌ಫ್ಯಾಟ್‌ನ್ಯಾಗ ತನ್ನ ಹೆಚ್ಚಿನ ಮಾಹಿತಿ ಇಡಾಕ ಜಾಗ ಇಲ್ಲಂತ ಬ್ಯಾರೆ ಫೈಲ್ ಮಾಡ್ತೈತಿ. ವಿಡಿಯೊ ಅದರಾಗ ಏನೂ ಇಲ್ಲ. ಮ್ಯಾಕ್ ಟರ್ಮಿನಲ್‌ನ್ಯಾಗ ‘ಡಾಟ್ ಕ್ಲೀನ್’ ಅಂತ ಒಂದು ಕಮಾಂಡ್ ಐತಿ, ಆ ಕೆಲಸಕ್ಕ ಇರೂದು. ಇಲ್ಲಾಂದ್ರ ವಿಂಡೋಸ್‌ನ್ಯಾಗ ಅಳಸ್ರಿ, ವಿಡಿಯೊಕ್ಕ ಏನೂ ಆಗೂದಿಲ್ಲ.

ಪೆಂಗ್ವಿನ್‌ಪ್ರಿಯ

ಫೋಲ್ಡರ್ ಹೆಸರು ಕನ್ನಡದಲ್ಲಿದೆಯಾ? ಇದ್ದರೆ ಒಂದು ಎಚ್ಚರಿಕೆ, ಇದನ್ನು ಯಾರೂ ಬೇಗ ಊಹಿಸಲ್ಲ. ‘ಕೋ’, ‘ಕೀ’, ‘ಕೇ’, ‘ಕೈ’, ‘ಕೊ’ ಇಂಥ ಅಕ್ಷರಗಳ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಬಿಡಿಸಿ ಎರಡು ಮೂರು ಸಂಕೇತವಾಗಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿಯೇ ಇಡುತ್ತವೆ. ಲಿನಕ್ಸ್‌ಗೆ ಬೈಟ್ ಬೇರೆ ಆದರೆ ಹೆಸರೇ ಬೇರೆ. ‘ಕೋಟೆ’ ಅನ್ನೋ ಫೋಲ್ಡರ್ ಎದುರಿಗೇ ಇರುತ್ತೆ, ಪ್ರಾಜೆಕ್ಟ್ ಮಾತ್ರ ‘ಕೋಟೆ’ ಸಿಗ್ತಿಲ್ಲ ಅನ್ನುತ್ತೆ. ಆರ್‌ಸಿಂಕ್ (ಫೋಲ್ಡರ್ ಕಾಪಿ ಮಾಡೋ ಟೂಲ್) ಹಾಕಿದರೆ ಒಂದೇ ಹೆಸರಿನ ಎರಡು ಫೋಲ್ಡರ್ ಹುಟ್ಟೋದೂ ಉಂಟು.

ಕನ್ನಡದ ಮೇಲೆ ಪ್ರೀತಿ ಇರೋದಕ್ಕೇ ಹೇಳ್ತಿದ್ದೀನಿ: ಮೀಡಿಯಾ ಫೋಲ್ಡರ್‌ಗೆ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಸಾಕು. ಕನ್ನಡ ಹೆಸರು ಪ್ರಾಜೆಕ್ಟ್ ಒಳಗಿನ ಬಿನ್‌ಗಳಿಗೆ ಧಾರಾಳವಾಗಿ ಇಡಿ, ಅವು ಡಿಸ್ಕ್ ಮೇಲೆ ಫೋಲ್ಡರ್ ಆಗಿ ಇರಲ್ಲ. ಕೋಲನ್, ಪ್ರಶ್ನಾರ್ಥಕ ಚಿಹ್ನೆ ಕೂಡ ಬೇಡ, ವಿಂಡೋಸ್ ಒಪ್ಪಲ್ಲ.

ಕತ್ತರಿಕಮಲಿ

ಅಯ್ಯೋ! ಒಂದು ಫೋಲ್ಡರ್ ಹೆಸರು ‘ಅಜ್ಜಿ ಹೇಳಿದ್ದು’ ಅಂತಿದೆ. ಹೆಸರು ಬದಲಿಸಿದರೆ ಲಿಂಕ್ ಮತ್ತೆ ಕೆಡುತ್ತಲ್ಲ?

ಪೆಂಗ್ವಿನ್‌ಪ್ರಿಯ

ಕೆಡುತ್ತೆ. ಅದಕ್ಕೇ ರೀಕನೆಕ್ಟ್ ಶುರು ಮಾಡೋ ಮೊದಲೇ ಬದಲಿಸಿ. ಹೇಗಿದ್ದರೂ ಕೆಟ್ಟಿದೆ, ಈಗಲೇ ಒಳ್ಳೇ ಸಮಯ. ಫೋಲ್ಡರ್ ಹೆಸರು ಮಾತ್ರ, ಕ್ಯಾಮೆರಾ ಕೊಟ್ಟ ಫೈಲುಗಳ ಹೆಸರು ಮುಟ್ಟಬೇಡಿ.

ಗೂಬೆಕಣ್ಣು

ಕಲರ್‌ಗೆ ಹೋಗೋ ಭಾಗ ನಾನು ಹೇಳ್ತೀನಿ, ನನ್ನ ಹೊಟ್ಟೆಪಾಡೇ ಅದು. ಲಿಂಕ್ ಸರಿಯಾಗೋ ತನಕ ಟೈಮ್‌ಲೈನ್‌ನ ಎಕ್ಸ್‌ಎಂಎಲ್ (ಕಟ್‌ನ ವಿವರ ಇರೋ ಫೈಲು) ಕಳಿಸಬೇಡಿ. ಈಗಿರೋ ಸ್ಥಿತಿಯಲ್ಲಿ ಕಳಿಸಿದರೆ ಅದರಲ್ಲಿ ಬರೋದು ಪ್ರಾಕ್ಸಿ ಪಾತ್‌ಗಳೇ, ಕಲರಿಸ್ಟ್ 1080 ಪ್ರಾಕ್ಸಿ ಮೇಲೆ ಗ್ರೇಡ್ ಮಾಡಿ ಕೂತಿರ್ತಾರೆ. ಅವರಿಗೆ ಪ್ರಾಕ್ಸಿ ಬೇಕಾಗಿಲ್ಲ, ಒರಿಜಿನಲ್ ಬೇಕು, ಇಡೀ ಫುಟೇಜೂ ಅಲ್ಲ, ಟೈಮ್‌ಲೈನ್‌ಗೆ ಬಂದಿರೋದು ಸಾಕು.

ಅವರ ಲಿನಕ್ಸ್ ಮೆಷಿನ್‌ನಲ್ಲಿ ರಿಸಾಲ್ವ್ ಉಚಿತ ಆವೃತ್ತಿನಾ, ಸ್ಟುಡಿಯೋನಾ ಕೇಳಿ. ಉಚಿತದ್ದಾಗಿದ್ದರೆ ಲಿನಕ್ಸ್‌ನಲ್ಲಿ ಎಚ್264, ಎಚ್265 ತೆರೆಯಲ್ಲ. ನಿಮ್ಮ ಬಿ ಕ್ಯಾಮೆರಾ ಎಂಪಿ4 ಅಷ್ಟೂ ‘ಮೀಡಿಯಾ ಆಫ್‌ಲೈನ್’ ಅಂತ ಕೆಂಪಗೆ ಕೂರುತ್ತೆ, ಫೈಲು ಕಣ್ಣೆದುರೇ ಇದ್ದರೂ. ಹಾಗಿದ್ದರೆ ಡೆಸ್ಕ್‌ಟಾಪ್‌ನಲ್ಲೇ ಅವನ್ನು ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂಎಕ್ಸ್‌ಗೆ ಬದಲಿಸಿ, ಅದೇ ಹೆಸರು, ಅದೇ ಟೈಮ್‌ಕೋಡ್ ಇಟ್ಟು ಕೊಡಿ.

ಲುಕ್ ಬಗ್ಗೆ ಒಂದು ಮಾತು: ಪ್ರಾಕ್ಸಿ ಮಾಡೋವಾಗ ಲಟ್ (ಬಣ್ಣ ಬದಲಿಸೋ ಸಿದ್ಧ ಲೆಕ್ಕ) ಸುಟ್ಟಿದ್ದಾರಾ, ಅಂದರೆ ಚಿತ್ರದಲ್ಲೇ ಕಾಯಂ ಮಾಡಿದ್ದಾರಾ ನೋಡಿ. ಸುಟ್ಟಿದ್ದರೆ ಪ್ರಾಕ್ಸಿ ಬಣ್ಣ ಬಣ್ಣವಾಗಿರುತ್ತೆ, ಟಾಗಲ್ ಆಫ್ ಮಾಡಿದ ತಕ್ಷಣ ಲಾಗ್ ಚಿತ್ರ (ಗ್ರೇಡಿಂಗ್‌ಗೆಂದೇ ಸಪ್ಪೆಯಾಗಿ ತೆಗೆದದ್ದು) ಬೂದಿ ಬೂದಿಯಾಗಿ ಕಾಣುತ್ತೆ. ಟೈಮ್‌ಲೈನ್ ಮೇಲೆ ಲುಮೆಟ್ರಿ (ಪ್ರೀಮಿಯರ್‌ನ ಕಲರ್ ಎಫೆಕ್ಟ್) ಹಾಕಿದ್ದರೆ ಪ್ರಾಕ್ಸಿಗೆ ಎರಡು ಸಲ ಬಣ್ಣ ಬಿದ್ದಂಗೆ. ನಿರ್ದೇಶಕರು ಅದನ್ನೇ ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಮಾಡ್ಕೊಂಡಿದ್ದರಂತೂ ಗ್ರೇಡಿಂಗ್ ರೂಮಲ್ಲಿ ಜಗಳ ಖಾತ್ರಿ. ಲಟ್ ಇಲ್ಲದ ಪ್ರಾಕ್ಸಿ ಮಾಡಿ, ಲುಕ್ ಟೈಮ್‌ಲೈನ್‌ನಲ್ಲಿ ಹಾಕೋದು ನನಗೆ ಇಷ್ಟ. ಬೇರೆಯವರು ಬೇರೆ ಹೇಳಬಹುದು.

ರಾತ್ರಿರೆಂಡರ್

ನಾನು ಬೇರೆ ಹೇಳ್ತೀನಿ. ಲಾಗ್ ಚಿತ್ರ ಇಟ್ಕೊಂಡು ತಿಂಗಳುಗಟ್ಟಲೆ ಕಟ್ ಮಾಡೋಕೆ ಕಣ್ಣಿಗೆ ಹಿಂಸೆ. ಹಳೆಯ ಲ್ಯಾಪ್‌ಟಾಪ್‌ಗೆ ಪ್ರತಿ ಕ್ಲಿಪ್ ಮೇಲೂ ಎಫೆಕ್ಟ್ ಹಾಕೋದು ಭಾರ. ಲಟ್ ಸುಟ್ಟ ಪ್ರಾಕ್ಸಿಯೇ ವಾಸಿ. ಸುಟ್ಟಿದ್ದೀವಿ ಅಂತ ಫೋಲ್ಡರ್ ಹೆಸರಲ್ಲಿ ಬರೆದಿಟ್ಟರಾಯ್ತು.

ಡಿಐಟಿ07

ಇಬ್ಬರೂ ಸರಿ. ಎರಡನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ಬೆರೆಸಿದವರು ಮಾತ್ರ ತಪ್ಪು. ಹೊಸ ಪ್ರಾಕ್ಸಿ ಮಾಡೋವಾಗ ಮೂಲೆಯಲ್ಲೊಂದು ವಾಟರ್‌ಮಾರ್ಕ್ ಹಾಕಿ ಕಮಲಿ ಅವರೇ. ಎಕ್ಸ್‌ಪೋರ್ಟ್‌ನಲ್ಲಿ ‘ಯೂಸ್ ಪ್ರಾಕ್ಸೀಸ್’ ಟಿಕ್ ಆಗದಿದ್ದರೆ ಪ್ರೀಮಿಯರ್ ಒರಿಜಿನಲನ್ನೇ ಹಿಡಿಯುತ್ತೆ ನಿಜ, ಆದರೆ ನಿಮ್ಮ ಪ್ರಾಜೆಕ್ಟ್ ಥರ ಒರಿಜಿನಲ್ ಜಾಗದಲ್ಲೇ ಪ್ರಾಕ್ಸಿ ಇದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ವಾಟರ್‌ಮಾರ್ಕ್ ಇದ್ದರೆ ನೋಡಿದವರಿಗೆಲ್ಲ ಗೊತ್ತಾಗುತ್ತೆ.

ಕತ್ತರಿಕಮಲಿ

ಅಪ್‌ಡೇಟ್. ಫೋಲ್ಡರ್ ಹೆಸರು ಬದಲಿಸಿ, ಎಸ್‌ಎಸ್‌ಡಿಗೆ ಪಿ ಅಕ್ಷರ ಕೊಟ್ಟು, ಎ ಕ್ಯಾಮೆರಾ ರೀಕನೆಕ್ಟ್ ಶುರು ಮಾಡಿದೆ. ಮೀಡಿಯಾಇನ್ಫೋದಲ್ಲಿ ನೋಡಿದರೆ ಕಿವಿಗೊಟ್ಟವ ಅವರು ಹೇಳಿದ ಹಾಗೇ ಒರಿಜಿನಲ್‌ನಲ್ಲಿ ನಾಲ್ಕು ಆಡಿಯೊ, ಪ್ರಾಕ್ಸಿಯಲ್ಲಿ ಒಂದು. ಅದಕ್ಕೆ ಆ ಹಳೆಯ ಪ್ರಾಕ್ಸಿಗಳನ್ನು ಪಕ್ಕಕ್ಕಿಟ್ಟು, ಕ್ಲಿಪ್‌ಗಳನ್ನು ಒರಿಜಿನಲ್‌ಗೆ ಒಂದೊಂದಾಗಿ ಲಿಂಕ್ ಮಾಡಿ, ಮೀಡಿಯಾ ಎನ್‌ಕೋಡರ್‌ನಲ್ಲಿ ಹೊಸ ಪ್ರಾಕ್ಸಿ ಹಾಕಿದ್ದೇನೆ. ಬೇಜಾರಿನ ಕೆಲಸ, ಆದರೆ ಆಗ್ತಿದೆ.

ಬಿ ಕ್ಯಾಮೆರಾ ರೀಕನೆಕ್ಟ್ ಸಲೀಸಾಗಿ ಆಯ್ತು ಅಂದುಕೊಳ್ಳೋ ಹೊತ್ತಿಗೆ ತಮಾಷೆ ನೋಡಿ. ಒಂದು ಸಂದರ್ಶನದಲ್ಲಿ ಟಾಗಲ್ ಒತ್ತಿದರೆ ಕುರ್ಚಿ ಮೇಲೆ ಕೂತವರೇ ಬದಲಾಗ್ತಾರೆ. ಪ್ರಾಕ್ಸಿಯಲ್ಲಿ ಹಸಿರು ಸೀರೆಯ ಹೆಂಗಸು, ಒರಿಜಿನಲ್‌ನಲ್ಲಿ ಕನ್ನಡಕದ ಗಂಡಸು!

ಡಿಐಟಿ07

ಹ್ಹ ಹ್ಹ. ಹೆಸರು ಸಿ0001, ಸಿ0002 ಅಂತ ಬರೋ ಕ್ಯಾಮೆರಾ ತಾನೇ? ಕಾರ್ಡ್ ಬದಲಿಸಿದಾಗ ನಂಬರ್ ಮತ್ತೆ ಒಂದರಿಂದ ಶುರುವಾಗೋ ಹಾಗೆ ಸೆಟ್ ಆಗಿದ್ದರೆ ಪ್ರತಿ ಕಾರ್ಡಲ್ಲೂ ಒಂದು ಸಿ0001 ಇರುತ್ತೆ. ಒರಿಜಿನಲ್ ಕಾರ್ಡ್‌ವಾರು ಫೋಲ್ಡರ್‌ನಲ್ಲಿರೋದ್ರಿಂದ ಜಗಳ ಇಲ್ಲ. ಪ್ರಾಕ್ಸಿ ಎಲ್ಲ ಒಂದೇ ಫೋಲ್ಡರ್‌ಗೆ ಸುರಿದರೆ ಎರಡನೆಯದಕ್ಕೆ ಹಿಂದೆ ‘_1’ ಸೇರ್ಕೊಳ್ಳುತ್ತೆ. ಯಾವ ಸಿ0001ಗೆ ಯಾವ ಪ್ರಾಕ್ಸಿ ಅಂತ ಹೆಸರು ನೋಡಿ ಹೇಳೋಕಾಗಲ್ಲ.

ಪ್ರಾಕ್ಸಿ ಫೋಲ್ಡರನ್ನೂ ಒರಿಜಿನಲ್ ಥರವೇ ಕಾರ್ಡ್‌ವಾರು ಒಡೆಯಿರಿ. ಹೆಸರು ಒಂದೇ ಇರೋ ಕ್ಲಿಪ್‌ಗಳನ್ನು ಅವಧಿ, ಶುರುವಾಗೋ ಟೈಮ್‌ಕೋಡ್ ನೋಡಿ ಜೋಡಿಸಿ. ಅವಧಿಯೂ ಒಂದೇ ಆಗಿದ್ದರೆ ನಿಮ್ಮ ಹಸಿರು ಸೀರೆ ಪರೀಕ್ಷೆಯೇ ಗತಿ. ಮುಂದಿನ ಶೂಟ್‌ಗೆ ಕ್ಯಾಮೆರಾ ಮೆನುವಿನಲ್ಲಿ ಫೈಲ್ ನಂಬರ್ ‘ಸೀರೀಸ್’ಗೆ ಹಾಕೋಕೆ ಹೇಳಿ, ಕಾರ್ಡ್ ಬದಲಿಸಿದರೂ ಎಣಿಕೆ ಮುಂದುವರಿಯುತ್ತೆ.

ಕಿವಿಗೊಟ್ಟವ

ಮೊಬೈಲ್ ಶಾಟ್ ಬಾಕಿ ಇದೆಯಲ್ಲ. ಫೋನ್‌ಗಳು ಸ್ಥಿರ ಫ್ರೇಮ್ ರೇಟ್‌ನಲ್ಲಿ ರೆಕಾರ್ಡ್ ಮಾಡಲ್ಲ. ಬೆಳಕು ಕಮ್ಮಿಯಾದರೆ, ಫೋನ್ ಬಿಸಿಯಾದರೆ ಫ್ರೇಮ್‌ಗಳ ನಡುವಿನ ಅಂತರ ಬದಲಾಗ್ತಾ ಇರುತ್ತೆ. ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ‘ವೇರಿಯಬಲ್’ ಅಂತ ಬರುತ್ತೆ. ಅದರ ಪ್ರಾಕ್ಸಿ ಮಾಡಿದರೆ ಪ್ರಾಕ್ಸಿ ಸ್ಥಿರ, ಒರಿಜಿನಲ್ ಅಸ್ಥಿರ. ಶುರುವಿನಲ್ಲಿ ಹೊಂದುತ್ತೆ, ಹೋಗ್ತಾ ಹೋಗ್ತಾ ಜಾರುತ್ತೆ. ಇಂಥವಕ್ಕೆ ಪ್ರಾಕ್ಸಿ ಮಾಡಲೇಬೇಡಿ. ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಸ್ಥಿರ 25ಕ್ಕೆ, ಒಳ್ಳೇ ಗುಣಮಟ್ಟದಲ್ಲಿ ಬದಲಿಸಿ, ಆ ಹೊಸ ಫೈಲನ್ನೇ ಇನ್ನು ಮುಂದೆ ಒರಿಜಿನಲ್ ಅಂತ ಇಟ್ಕೊಳ್ಳಿ. ಪ್ರಾಕ್ಸಿ ಬೇಕಿದ್ದರೆ ಅದರಿಂದ ಮಾಡಿ. ಫೋನ್‌ನಿಂದ ಬಂದದ್ದು ಬ್ಯಾಕಪ್‌ನಲ್ಲಿರಲಿ.

ಲಂಬವಾಗಿ ಹಿಡಿದು ತೆಗೆದದ್ದು ಇದ್ದರೆ ಅದನ್ನೂ ಗಮನಿಸಿ. ಫೈಲು ಒಳಗೆ ಅಡ್ಡವಾಗಿದ್ದು, ‘ತಿರುಗಿಸಿ ತೋರಿಸು’ ಅನ್ನೋ ಸೂಚನೆ ಮಾತ್ರ ಇರುತ್ತೆ. ಕೆಲವು ಟೂಲ್ ತಾನೇ ತಿರುಗಿಸಿಬಿಡುತ್ತೆ, ಆಗ ಪ್ರಾಕ್ಸಿಯ ಅಗಲ ಎತ್ತರ ಒರಿಜಿನಲ್‌ಗೆ ತಾಳೆಯಾಗಲ್ಲ.

ಹನಿಹನಿ

ಇಬ್ಬರು ಎಡಿಟರ್ ಇದ್ದರೆ? ನಮ್ಮಲ್ಲಿ ಪ್ರಾಜೆಕ್ಟ್ ಫೈಲು, ಪ್ರಾಕ್ಸಿ ಎರಡೂ ಕ್ಲೌಡ್ ಸಿಂಕ್ ಫೋಲ್ಡರ್‌ನಲ್ಲಿ ಇಟ್ಟಿದ್ದೀವಿ.

ಪೆಂಗ್ವಿನ್‌ಪ್ರಿಯ

ಪ್ರಾಕ್ಸಿ ಇಡಿ, ಅವು ಒಮ್ಮೆ ಬರೆದ ಮೇಲೆ ಬದಲಾಗಲ್ಲ. ಪ್ರಾಜೆಕ್ಟ್ ಫೈಲು ಇಬ್ಬರೂ ಒಟ್ಟಿಗೆ ತೆರೆದರೆ ಕೊನೆಗೆ ಸೇವ್ ಮಾಡಿದವರದ್ದು ಉಳಿಯುತ್ತೆ, ಇಲ್ಲಾ ‘ಕಾನ್‌ಫ್ಲಿಕ್ಟ್’ ಅಂತ ಎರಡು ಕಾಪಿ ಆಗುತ್ತೆ. ಒಬ್ಬರು ಮುಚ್ಚಿ, ಸಿಂಕ್ ಮುಗಿದ ಮೇಲೆ ಇನ್ನೊಬ್ಬರು ತೆರೀಬೇಕು. ಒಟ್ಟಿಗೆ ಕೂತು ಮಾಡೋದಾದರೆ ಪ್ರೀಮಿಯರ್‌ನಲ್ಲಿ ಪ್ರೊಡಕ್ಷನ್ಸ್, ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸರ್ವರ್ ಅಥವಾ ಬ್ಲ್ಯಾಕ್‌ಮ್ಯಾಜಿಕ್ ಕ್ಲೌಡ್ ಇವೆ. ರಿಸಾಲ್ವ್ 18ರಿಂದ ಪ್ರತಿ ಮೆಷಿನ್‌ಗೂ ಬೇರೆ ಬೇರೆ ಪಾತ್ ಮ್ಯಾಪಿಂಗ್ ಕೊಡಬಹುದು, ನಮ್ಮಂಥ ಮೂರು ಆಪರೇಟಿಂಗ್ ಸಿಸ್ಟಂ ಮಂದಿಗೆ ಅದು ದೊಡ್ಡ ಉಪಕಾರ.

ಗೂಬೆಕಣ್ಣು

ರಿಸಾಲ್ವ್ ಮಾತು ಬಂದಿದ್ದಕ್ಕೆ: ಅಲ್ಲಿ ‘ಆಪ್ಟಿಮೈಸ್ಡ್ ಮೀಡಿಯಾ’, ‘ಪ್ರಾಕ್ಸಿ ಮೀಡಿಯಾ’ ಬೇರೆ ಬೇರೆ. ಮೊದಲನೆಯದು ಕ್ಯಾಶ್ ಫೋಲ್ಡರ್‌ನಲ್ಲಿ ಕೂರುತ್ತೆ, ಆ ಮೆಷಿನ್‌ಗಷ್ಟೇ ಸರಿ. ಬೇರೆ ಕಂಪ್ಯೂಟರ್‌ಗೆ ಹೊತ್ಕೊಂಡು ಹೋಗೋದಾದರೆ ಎರಡನೆಯದನ್ನೇ ಮಾಡಿ. ಬ್ಲ್ಯಾಕ್‌ಮ್ಯಾಜಿಕ್ ಪ್ರಾಕ್ಸಿ ಜನರೇಟರ್ ಒರಿಜಿನಲ್ ಪಕ್ಕದಲ್ಲೇ ‘ಪ್ರಾಕ್ಸಿ’ ಅನ್ನೋ ಫೋಲ್ಡರ್ ಮಾಡಿ ಅದೇ ಹೆಸರಲ್ಲಿ ಇಡುತ್ತೆ, ರಿಸಾಲ್ವ್ ತಾನೇ ಹುಡುಕ್ಕೊಳ್ಳುತ್ತೆ.

ಕತ್ತರಿಕಮಲಿ

ಎಲ್ಲ ಸೇರಿತು. ಲ್ಯಾಪ್‌ಟಾಪ್‌ನಲ್ಲಿ ತೆರೆದು ‘ಆಫ್‌ಲೈನ್ ಆಲ್’ ಒತ್ತಿದೆ, ವಾಟರ್‌ಮಾರ್ಕ್ ಇರೋ ಪ್ರಾಕ್ಸಿ ಆಡ್ತು. ಒಂದು ಸೀನ್ ಕಟ್ ಮಾಡಿ ಡೆಸ್ಕ್‌ಟಾಪ್‌ಗೆ ತಂದೆ, ಏನೂ ಕೇಳಲಿಲ್ಲ, 3840 ಅಂತಲೇ ತೆರೆಯಿತು. ಸ್ಕೇಲ್ ಹಳೆಯ ಆಟೋ ಸೇವ್‌ನಿಂದ ಬಹುಪಾಲು ಬಂತು. ಕೀಫ್ರೇಮ್ ಇರೋ ಮೂರ್ನಾಲ್ಕು ಫೋಟೊ ಶಾಟ್ ಮಾತ್ರ ಕೈಯಲ್ಲಿ ಮಾಡಬೇಕು. ಕಲರಿಸ್ಟ್ ಹತ್ತಿರ ಸ್ಟುಡಿಯೋ ಆವೃತ್ತಿಯೇ ಇದೆಯಂತೆ.

ಕೊನೆಯ ಪ್ರಶ್ನೆ. ಆಡಿಯೊ ಕಮ್ಮಿ ಇರೋ ಹಳೆಯ ಪ್ರಾಕ್ಸಿಗಳನ್ನು ಅಳಿಸಿಬಿಡಲಾ? ಎಸ್‌ಎಸ್‌ಡಿ ತುಂಬ್ತಿದೆ.

ಡಿಐಟಿ07

ರೇಯ್ಡ್‌ನ ಬ್ಯಾಕಪ್ ಇದೆಯಾ ಮೊದಲು ಹೇಳಿ.

ಕತ್ತರಿಕಮಲಿ

ಇದೆ, ಇನ್ನೊಂದು ಡಿಸ್ಕ್‌ನಲ್ಲಿ. ಚೆಕ್‌ಸಮ್ ಹಾಕಿ ತಾಳೆ ನೋಡಿದ್ದೀನಿ.

ಡಿಐಟಿ07

ಹಾಗಾದರೆ ಅಳಿಸಿ. ಅಳಿಸೋ ಮೊದಲು ಆ ಫೋಲ್ಡರ್ ಹೆಸರಿನ ಹಿಂದೆ ಒಂದು ಅಕ್ಷರ ಸೇರಿಸಿ, ಎರಡೂ ಮೆಷಿನ್‌ನಲ್ಲಿ ಪ್ರಾಜೆಕ್ಟ್ ತೆರೆದು ನೋಡಿ. ಯಾವ ಕ್ಲಿಪ್ಪೂ ಅದನ್ನು ಕೇಳದಿದ್ದರೆ ಡಿಲೀಟ್ ಮಾಡಿ.